ಅರ್ಧಕ್ಕೆ ನಿಂತ ಕಟ್ಟಡ: ನಿಮ್ಮ ಪ್ರಶ್ನೆ, ತಜ್ಞರ ಉತ್ತರ

ಹೊರಮಾವು, ಥಣಿಸಂದ್ರ, ವರ್ತೂರು ಕಡೆ ಯಾವ ರಸ್ತೆಗೆ ಹೋದರೂ ಇಂಥ ಒಂದು ಕಟ್ಟಡ ಸಿಗುತ್ತದೆ: ಮೇಲೆ ಕಂಬಿ ಚಾಚಿಕೊಂಡ ಪಿಲ್ಲರುಗಳು, ಹರಿದು ನೇತಾಡುವ ಹಸಿರು ಬಲೆ, ಗೇಟಿಗೆ ಬೀಗ. ಮಲ್ಲೇಶ್ವರ, ಬಸವನಗುಡಿಯಂಥ ಹಳೆಯ ಬಡಾವಣೆಗಳಲ್ಲಿ ಮನೆ ಕೆಡವಿ ಗುಂಡಿ ತೋಡಿ ಬಿಟ್ಟ ಜಾಗಗಳಿವೆ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಇದೇ ವಿಷಯದವು. ಕಾನೂನಿನ ಪ್ರಶ್ನೆಗಳಿಗೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ ಮತ್ತು ಅದರ ಪ್ರಾಧಿಕಾರ) ಪ್ರಕರಣಗಳನ್ನು ನಡೆಸುವ ವಕೀಲರೂ ಕಟ್ಟಡದ ಪ್ರಶ್ನೆಗಳಿಗೆ ಸ್ಟ್ರಕ್ಚರಲ್ ಇಂಜಿನಿಯರರೂ ಉತ್ತರಿಸಿದ್ದಾರೆ.

ಪ್ರಶ್ನೆ: 2019ರಲ್ಲಿ ಫ್ಲ್ಯಾಟ್ ಬುಕ್ ಮಾಡಿದೆವು. ಕರಾರು ಪತ್ರದ ಪ್ರಕಾರ 2022ರ ಡಿಸೆಂಬರಿಗೆ ಕೈಗೆ ಬರಬೇಕಿತ್ತು. ಏಳನೇ ಮೋಲ್ಡ್ ಆದಮೇಲೆ ಕೆಲಸ ನಿಂತಿದೆ. ಇದುವರೆಗೆ 60 ಲಕ್ಷ ಕಟ್ಟಿದ್ದೇವೆ. ಕೇಳಿದರೆ, "ರೇರಾದಲ್ಲಿ ಅವಧಿ ವಿಸ್ತರಣೆ ಸಿಕ್ಕಿದೆ, ನೀವೇನೂ ಕೇಳುವ ಹಾಗಿಲ್ಲ" ಅನ್ನುತ್ತಾರೆ. ದುಡ್ಡು ವಾಪಸ್ ಕೇಳೋಣವೋ, ಕಾಯೋಣವೋ?
— ಓದುಗರು, ಹೊರಮಾವು

ಉತ್ತರ: ಬಿಲ್ಡರ್ ಹೇಳುತ್ತಿರುವುದು ತಪ್ಪು. ಅವಧಿ ವಿಸ್ತರಣೆ ಅವರಿಗೂ ಪ್ರಾಧಿಕಾರಕ್ಕೂ ನಡುವಿನ ವಿಚಾರ. ನಿಮಗೆ ಕೊಟ್ಟ ಮಾತು ಕರಾರು ಪತ್ರದಲ್ಲಿರುವ ದಿನಾಂಕ. ನೋಂದಣಿಯ ಅವಧಿ ಎಷ್ಟು ಸಲ ಮುಂದೆ ಹೋದರೂ ಅದು ಬದಲಾಗುವುದಿಲ್ಲ.

2016ರ ರೇರಾ ಕಾಯ್ದೆಯ 18ನೇ ಕಲಮಿನಲ್ಲಿ ನಿಮಗೆ ಎರಡು ದಾರಿಗಳಿವೆ. ಯೋಜನೆಯಿಂದ ಹೊರಬಂದರೆ ಕಟ್ಟಿದ ಅಷ್ಟೂ ಹಣ ಬಡ್ಡಿ ಸಮೇತ ವಾಪಸ್. ಉಳಿದುಕೊಂಡರೆ ಸ್ವಾಧೀನ ಕೊಡುವವರೆಗೆ ತಡವಾದ ಪ್ರತಿ ತಿಂಗಳಿಗೂ ಬಡ್ಡಿ. ಕರ್ನಾಟಕದ ನಿಯಮದಂತೆ ಬಡ್ಡಿ ದರವೆಂದರೆ ಸ್ಟೇಟ್ ಬ್ಯಾಂಕಿನ ಅತಿ ಹೆಚ್ಚಿನ ಎಂಸಿಎಲ್‌ಆರ್ (ಬ್ಯಾಂಕಿನ ಸಾಲಗಳಿಗೆ ಆಧಾರವಾದ ಬಡ್ಡಿ ದರ), ಅದರ ಮೇಲೆ ಶೇ 2. ಎರಡೂ ಸೇರಿ ಶೇ 11 ಅಂತಿಟ್ಟುಕೊಂಡರೆ ನಿಮ್ಮ 60 ಲಕ್ಷಕ್ಕೆ ವರ್ಷಕ್ಕೆ 6.6 ಲಕ್ಷ, ತಿಂಗಳಿಗೆ 55,000 ರೂಪಾಯಿ. ಹಣ ವಾಪಸ್ ಕೇಳುವ ಹಕ್ಕಿಗೆ ಯಾವ ಷರತ್ತೂ ಇಲ್ಲ, ಕೋರ್ಟ್ ತಡೆಯಾಜ್ಞೆ ಇತ್ತು, ಅನಿರೀಕ್ಷಿತ ಅಡಚಣೆ ಬಂತು ಎಂಬ ಕಾರಣಗಳು ಅದಕ್ಕೆ ಅಡ್ಡಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2021ರ ನವೆಂಬರಿನಲ್ಲಿ ನ್ಯೂಟೆಕ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ.

ಆದರೆ ಆದೇಶ ಸಿಗುವುದು ಬೇರೆ, ದುಡ್ಡು ಸಿಗುವುದು ಬೇರೆ. ಬಿಲ್ಡರ್ ಕಟ್ಟದಿದ್ದರೆ ಪ್ರಾಧಿಕಾರ ವಸೂಲಾತಿ ಪ್ರಮಾಣಪತ್ರ ಕೊಡುತ್ತದೆ. ಅದು ಜಿಲ್ಲಾಧಿಕಾರಿ ಕಚೇರಿಯಿಂದ ತಹಶೀಲ್ದಾರರಿಗೆ ಹೋಗಿ, ಭೂಕಂದಾಯದ ಬಾಕಿಯಂತೆ ವಸೂಲಿಯಾಗಬೇಕು. ಹೆಚ್ಚಿನ ಪ್ರಕರಣಗಳು ಸಿಕ್ಕಿಕೊಳ್ಳುವುದು ಇಲ್ಲೇ. ತಹಶೀಲ್ದಾರರು ಜಪ್ತಿ ಮಾಡಲು ಕಂಪನಿಯ ಹೆಸರಿನಲ್ಲಿ ಏನಾದರೂ ಇರಬೇಕಲ್ಲ? ಜಾಗ ಜಂಟಿ ಅಭಿವೃದ್ಧಿ ಕರಾರಿನದಾಗಿದ್ದರೆ (ಮಾಲೀಕರು ಜಾಗ ಕೊಟ್ಟು, ಬಿಲ್ಡರ್ ಕಟ್ಟಿ, ಫ್ಲ್ಯಾಟುಗಳನ್ನು ಹಂಚಿಕೊಳ್ಳುವ ಕರಾರು) ಅದು ಮಾಲೀಕರ ಹೆಸರಿನಲ್ಲಿರುತ್ತದೆ, ಮಾರಾಟವಾಗದ ಫ್ಲ್ಯಾಟುಗಳು ಬ್ಯಾಂಕಿನಲ್ಲಿ ಅಡವಿರುತ್ತವೆ. ಆದ್ದರಿಂದ ಅರ್ಜಿ ಹಾಕುವ ಮೊದಲೇ ಕಂಪನಿಯ ಹೆಸರಿನಲ್ಲಿ ಬೇರೆ ಎಲ್ಲಿ ಆಸ್ತಿ ಇದೆ ಎಂದು ಹುಡುಕಿ, ಸರ್ವೆ ನಂಬರ್ ಸಮೇತ ಬರೆದಿಟ್ಟುಕೊಳ್ಳಿ. ವಸೂಲಾತಿಯ ಹಂತದಲ್ಲಿ ಆ ಪಟ್ಟಿ ಕೊಟ್ಟವರ ಕಡತ ಚಲಿಸುತ್ತದೆ.

ಕಾಯಬೇಕೋ ಬೇಡವೋ ಎಂಬುದಕ್ಕೆ ಒಂದು ಲೆಕ್ಕ ಹಾಕಿ ನೋಡಿ. ಉದಾಹರಣೆಗೆ 96 ಫ್ಲ್ಯಾಟಿನ ಕಟ್ಟಡ, 76 ಮಾರಾಟವಾಗಿವೆ. ಅವರಿಂದ ಬರಬೇಕಾದದ್ದು ಸರಾಸರಿ 12 ಲಕ್ಷದಂತೆ 9.12 ಕೋಟಿ. ಉಳಿದ 20 ಫ್ಲ್ಯಾಟನ್ನು 65 ಲಕ್ಷದಂತೆ ಮಾರಿದರೆ 13 ಕೋಟಿ. ಒಟ್ಟು 22.12 ಕೋಟಿ. ಇನ್ನು ಖರ್ಚು: 1,15,200 ಚದರಡಿಗೆ ಉಳಿದ ಕೆಲಸ ಚದರಡಿಗೆ 1,500ರಂತೆ 17.28 ಕೋಟಿ. ಕೈಯಲ್ಲಿ ಉಳಿಯುವುದು 4.84 ಕೋಟಿ. ಬ್ಯಾಂಕ್ ಸಾಲ 8 ಕೋಟಿ ಇದ್ದರೆ 3 ಕೋಟಿ ಚಿಲ್ಲರೆ ಕೊರತೆ. ಇಂಥ ಯೋಜನೆಯನ್ನು ಬ್ಯಾಂಕನ್ನು ಮಾತುಕತೆಗೆ ಕೂರಿಸಿ ಉಳಿಸಿಕೊಳ್ಳಬಹುದು. ಕೊರತೆ 15 ಕೋಟಿಯಾದರೆ ಕಾಯುವುದರಲ್ಲಿ ಅರ್ಥವಿಲ್ಲ. ನಿಮ್ಮ ಕಟ್ಟಡದ ಅಂಕಿಗಳು ಕರ್ನಾಟಕ ರೇರಾ ಜಾಲತಾಣದಲ್ಲಿ ಆ ಯೋಜನೆಯ ಪುಟದಲ್ಲೇ ಸಿಗುತ್ತವೆ: ಮಾರಿದ ಮತ್ತು ಮಾರದ ಫ್ಲ್ಯಾಟುಗಳ ಸಂಖ್ಯೆ, ಮೂರು ತಿಂಗಳಿಗೊಮ್ಮೆ ಕೊಟ್ಟ ಪ್ರಗತಿ ವರದಿ, ಮಂಜೂರಾದ ನಕ್ಷೆ. ಎಲ್ಲವನ್ನೂ ದಿನಾಂಕ ಕಾಣುವಂತೆ ಇವತ್ತೇ ಪ್ರಿಂಟ್ ತೆಗೆದಿಡಿ.

ಇನ್ನೊಂದು ದಾಖಲೆ ಕೇಳಲೇಬೇಕು. ನಿಮ್ಮಿಂದ ಪಡೆದ ಹಣದ ಶೇ 70 ಭಾಗ ಪ್ರತ್ಯೇಕ ಖಾತೆಯಲ್ಲಿರಬೇಕು, ಇಂಜಿನಿಯರ್, ಆರ್ಕಿಟೆಕ್ಟ್, ಚಾರ್ಟರ್ಡ್ ಅಕೌಂಟೆಂಟ್ ಮೂವರೂ ದೃಢೀಕರಿಸಿದ ಮೇಲೆ, ಆದ ಕೆಲಸಕ್ಕೆ ತಕ್ಕಷ್ಟು ಮಾತ್ರ ಅಲ್ಲಿಂದ ತೆಗೆಯಬೇಕು. ಆರ್ಥಿಕ ವರ್ಷ ಮುಗಿದು ಆರು ತಿಂಗಳೊಳಗೆ ಆ ಖಾತೆಯ ಲೆಕ್ಕಪರಿಶೋಧನೆ ಆಗಬೇಕು. ಕಟ್ಟಡ ಅರ್ಧ ಎದ್ದಿದೆ, ಖಾತೆ ಖಾಲಿಯಾಗಿದೆ ಎಂದರೆ ಹಣ ಬೇರೆಲ್ಲೋ ಹೋಗಿದೆ. ಆ ಲೆಕ್ಕಪರಿಶೋಧನಾ ವರದಿಯನ್ನು ಹಾಜರುಪಡಿಸಲು ಆದೇಶಿಸಬೇಕೆಂದು ದೂರಿನಲ್ಲೇ ಕೇಳಿಕೊಳ್ಳಿ.

ಕೊನೆಗೊಂದು ಎಚ್ಚರಿಕೆ. "ಪೂರಕ ಕರಾರು" ಎಂದು ಹೊಸ ದಿನಾಂಕದ ಪತ್ರ ತಂದು ಸಹಿ ಕೇಳಿದರೆ ಹಾಕಬೇಡಿ. ಅದರ ಮೂರನೆಯದೋ ನಾಲ್ಕನೆಯದೋ ಪುಟದಲ್ಲಿ, ಇದುವರೆಗಿನ ವಿಳಂಬಕ್ಕೆ ನಮ್ಮ ಯಾವ ತಕರಾರೂ ಇಲ್ಲ ಎಂಬ ಸಾಲು ಇರುತ್ತದೆ. ಆ ಒಂದು ಸಹಿಗೆ ವರ್ಷಗಳ ಬಡ್ಡಿ ಹೋಗುತ್ತದೆ. ಹಾಗೆಯೇ ಹೊಸ ಕಂತಿನ ಡಿಮ್ಯಾಂಡ್ ಪತ್ರ ಬಂದರೆ ಸುಮ್ಮನಿರಬೇಡಿ. ಆ ಹಂತದ ಕೆಲಸ ಆಗಿಲ್ಲ ಎಂದು ಫೋಟೋ ಸಹಿತ ಲಿಖಿತ ಉತ್ತರ ಕೊಡಿ. ಕೊಡದಿದ್ದರೆ ತಡ ಮಾಡಿದವರು ನೀವೇ ಎಂದು ನಿಮ್ಮ ಮೇಲೇ ಬಡ್ಡಿ ಹಾಕುತ್ತಾರೆ.

ಪ್ರಶ್ನೆ: ಒಂದು ಕಡೆ ಬಾಡಿಗೆ, ಇನ್ನೊಂದು ಕಡೆ ನಿಂತುಹೋದ ಫ್ಲ್ಯಾಟಿನ ಇಎಂಐ. ಕಟ್ಟುವುದನ್ನು ನಿಲ್ಲಿಸಿಬಿಡೋಣ ಅನ್ನಿಸುತ್ತಿದೆ. ನಿಲ್ಲಿಸಬಹುದೇ?
— ಓದುಗರು, ಜೆ.ಪಿ. ನಗರ

ಉತ್ತರ: ನಿಲ್ಲಿಸಬೇಡಿ. ಸಾಲ ನಿಮಗೂ ಬ್ಯಾಂಕಿಗೂ ನಡುವಿನ ಒಪ್ಪಂದ. ಕಂತು ತಪ್ಪಿದರೆ ಹಾಳಾಗುವುದು ನಿಮ್ಮ ಸಿಬಿಲ್, ನೋಟಿಸ್ ಬರುವುದು ನಿಮ್ಮ ಮನೆಗೆ, ಜಾಮೀನು ಹಾಕಿದವರ ಮನೆಗೆ. ನೀವು ನಿಲ್ಲಿಸಬೇಕಾದದ್ದು ಬ್ಯಾಂಕಿನಿಂದ ಬಿಲ್ಡರಿಗೆ ಹೋಗುವ ಮುಂದಿನ ಹಣವನ್ನು. ಸಾಲ ಮಂಜೂರು ಮಾಡಿದ ಶಾಖೆಗೆ ಪತ್ರ ಬರೆಯಿರಿ: ಇಂಥ ದಿನಾಂಕದಿಂದ ಕೆಲಸ ನಿಂತಿದೆ, ನಮ್ಮ ಲಿಖಿತ ಒಪ್ಪಿಗೆ ಮತ್ತು ನಿಮ್ಮ ಇಂಜಿನಿಯರರ ಸ್ಥಳ ಪರಿಶೀಲನೆ ಇಲ್ಲದೆ ಬಾಕಿ ಹಣ ಬಿಡುಗಡೆ ಮಾಡಬಾರದು. ಗೃಹಸಾಲದ ಹಣವನ್ನು ಕಾಮಗಾರಿಯ ಹಂತಕ್ಕೆ ತಕ್ಕಂತೆಯೇ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್ 3ರ ಸುತ್ತೋಲೆಯಲ್ಲಿ ಬ್ಯಾಂಕುಗಳಿಗೆ ಹೇಳಿದೆ. ಪತ್ರದಲ್ಲಿ ಅದನ್ನು ಉಲ್ಲೇಖಿಸಿ, ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬನ್ನಿ.

"ಸ್ವಾಧೀನದವರೆಗೆ ಬಡ್ಡಿ ನಾವೇ ಕಟ್ಟುತ್ತೇವೆ" ಎಂಬ ಸಬ್‌ವೆನ್ಷನ್ ಯೋಜನೆಯಲ್ಲಿ ಸೇರಿದವರ ಪಾಡು ಇನ್ನೂ ಕಷ್ಟದ್ದು. ಬಿಲ್ಡರ್ ಕೈಬಿಟ್ಟ ದಿನವೇ ಬಡ್ಡಿಯ ಹೊರೆ ಖರೀದಿದಾರರ ತಲೆಗೆ ಬಂತು. ಇಂಥ ಯೋಜನೆಗಳಲ್ಲಿ ಬಿಲ್ಡರು ಮತ್ತು ಬ್ಯಾಂಕುಗಳ ನಂಟಿನ ಬಗ್ಗೆ 2025ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟ್ ಸಿಬಿಐ ವಿಚಾರಣೆಗೆ ಅನುಮತಿ ಕೊಟ್ಟಿದೆ. ನೀವು ಆ ಗುಂಪಿನಲ್ಲಿದ್ದರೆ ತ್ರಿಪಕ್ಷೀಯ (ನೀವು, ಬಿಲ್ಡರ್, ಬ್ಯಾಂಕ್ ಮೂವರ) ಒಪ್ಪಂದದ ಪ್ರತಿಯನ್ನು ಜೋಪಾನ ಮಾಡಿ. ನಿಮ್ಮ ಬ್ಯಾಂಕ್ ಪ್ರತಿ ಕೊಟ್ಟಿಲ್ಲದಿದ್ದರೆ ಈಗಲೇ ಲಿಖಿತವಾಗಿ ಕೇಳಿ.

ತೆರಿಗೆಯ ಮಾತು: ಹಳೆಯ ಪದ್ಧತಿಯಲ್ಲಿ ಸ್ವಂತ ವಾಸದ ಮನೆಯ ಬಡ್ಡಿಗೆ 2 ಲಕ್ಷದವರೆಗೆ ವಿನಾಯಿತಿ ಸಿಗಬೇಕಾದರೆ, ಸಾಲ ತೆಗೆದ ಆರ್ಥಿಕ ವರ್ಷ ಮುಗಿದ ಮೇಲೆ ಐದು ವರ್ಷದೊಳಗೆ ಮನೆ ಪೂರ್ತಿಯಾಗಬೇಕು. ಆಗದಿದ್ದರೆ ಮಿತಿ 30,000ಕ್ಕೆ ಇಳಿಯುತ್ತದೆ. ಈ ನಷ್ಟವನ್ನೂ ಪರಿಹಾರದ ಅರ್ಜಿಯಲ್ಲಿ ಲೆಕ್ಕ ತೋರಿಸಿ ಕೇಳಿ. ಬಡ್ಡಿ ಮತ್ತು ಹಣ ವಾಪಸಾತಿಯನ್ನು ಪ್ರಾಧಿಕಾರ ನೋಡುತ್ತದೆ. ಪರಿಹಾರವನ್ನು ನಿರ್ಧರಿಸುವುದು ನ್ಯಾಯನಿರ್ಣಯಾಧಿಕಾರಿ, ಅದಕ್ಕೆ ಅರ್ಜಿ ಬೇರೆ.

ಪ್ರಶ್ನೆ: ನಮ್ಮ ಕಟ್ಟಡ ಮೂರು ಮಳೆಗಾಲ ನೆನೆದಿದೆ. ಕಂಬಿ ಕೆಂಪಾಗಿದೆ, ಬೇಸ್‌ಮೆಂಟಿನಲ್ಲಿ ಎದೆಮಟ್ಟ ನೀರು. ಈಗ ಹೊಸ ಗುತ್ತಿಗೆದಾರರು ಬಂದು, "ಏನೂ ಆಗಿಲ್ಲ, ಮುಂದಿನ ತಿಂಗಳೇ ಮೋಲ್ಡ್ ಹಾಕುತ್ತೇವೆ" ಅನ್ನುತ್ತಿದ್ದಾರೆ. ನಂಬಬಹುದೇ?
— ಓದುಗರು, ವರ್ತೂರು

ಉತ್ತರ: ಪರೀಕ್ಷೆ ಮಾಡಿಸದೆ ನಂಬಬೇಡಿ. ಹಾಗೆಂದು ಗಾಬರಿಯೂ ಬೇಡ. ಮೂರು ವರ್ಷ ನಿಂತ ಕಟ್ಟಡಗಳಲ್ಲಿ ಬಹುಪಾಲು ಸರಿಪಡಿಸಬಹುದಾದವೇ. ಕೆಡುವುದು ಪೂರ್ತಿ ಕಟ್ಟಡವಲ್ಲ, ಕೆಲವು ನಿರ್ದಿಷ್ಟ ಜಾಗಗಳು.

ಮೊದಲು ಮೇಲೆ ಚಾಚಿಕೊಂಡಿರುವ ಕಂಬಿಯಿಂದ ಶುರುಮಾಡೋಣ. ವೈರ್ ಬ್ರಷ್‌ನಿಂದ ಉಜ್ಜಿದರೆ ಹೋಗುವ ಕೆಂಪು ಪುಡಿ ದೊಡ್ಡ ತೊಂದರೆಯಲ್ಲ. ಉಗುರು ಹಾಕಿದರೆ ಹಪ್ಪಳದಂತೆ ಪದರಪದರವಾಗಿ ಎದ್ದುಬರುವ ತುಕ್ಕು ತೊಂದರೆ. ಉಜ್ಜಿದ ಮೇಲೆ ಕಂಬಿಯ ಮೈಮೇಲೆ ಸಣ್ಣ ಗುಳಿಗಳು ಕಂಡರೆ ಇನ್ನೂ ಕೆಟ್ಟದ್ದು. ಸುಲಭದ ಒಂದು ಪರೀಕ್ಷೆ ಇದೆ. 16 ಮಿ.ಮೀ. ಕಂಬಿ ಮೀಟರಿಗೆ 1.58 ಕಿಲೋ ತೂಗಬೇಕು (ವ್ಯಾಸವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಯಾವ ಕಂಬಿಯ ತೂಕವೂ ಸಿಗುತ್ತದೆ). ಇಂಜಿನಿಯರ್ ತೋರಿಸಿದ ಕಡೆ ಒಂದು ಮೀಟರ್ ತುಂಡು ಕತ್ತರಿಸಿ, ತುಕ್ಕು ತೆಗೆದು ತೂಗಿ. 100 ಗ್ರಾಂಗಿಂತ ಹೆಚ್ಚು ಕಳೆದುಹೋಗಿದ್ದರೆ ಆ ಪಿಲ್ಲರಿನ ಲೆಕ್ಕವನ್ನು ಹೊಸದಾಗಿ ಹಾಕಲೇಬೇಕು.

ಅತಿ ಹೆಚ್ಚು ತುಕ್ಕು ಹಿಡಿಯುವುದು ಕಂಬಿ ಕಾಂಕ್ರೀಟಿನಿಂದ ಹೊರಬರುವ ಬುಡದಲ್ಲಿ. ಮಳೆನೀರು ನಿಲ್ಲುವುದು ಅಲ್ಲೇ. ಅಲ್ಲಿ ಎರಡು ಇಂಚು ಕಾಂಕ್ರೀಟ್ ಕೆತ್ತಿ ಒಳಗಿನ ಕಂಬಿ ನೋಡಬೇಕು. ಒಳಗೂ ಕೆಟ್ಟಿದ್ದರೆ ಒಳ್ಳೆಯ ಕಂಬಿ ಸಿಗುವವರೆಗೆ ಕೆತ್ತುತ್ತ ಹೋಗಬೇಕು. ಹೊಸ ಕಂಬಿಯನ್ನು ಹಳೆಯದಕ್ಕೆ ಜೋಡಿಸಲು ವ್ಯಾಸದ ಸುಮಾರು 50 ಪಟ್ಟು ಉದ್ದ, ಅಂದರೆ 16 ಮಿ.ಮೀ. ಕಂಬಿಗೆ 800 ಮಿ.ಮೀ. ಲ್ಯಾಪ್ (ಎರಡು ಕಂಬಿ ಒಂದರ ಪಕ್ಕ ಒಂದು ಸಾಗುವ ಉದ್ದ) ಬೇಕು. ಕೆಟ್ಟ ಭಾಗ ಕತ್ತರಿಸಿದ ಮೇಲೆ ಅಷ್ಟು ಉಳಿಯದಿದ್ದರೆ ಕಪ್ಲರ್ (ಎರಡು ಕಂಬಿಯ ತುದಿಗಳನ್ನು ಜೋಡಿಸುವ ಉಕ್ಕಿನ ಕೊಳವೆ) ಹಾಕಬೇಕು. ಮೇಸ್ತ್ರಿಗಳು ಅವಸರದಲ್ಲಿ ಒಂದೂವರೆ ಅಡಿ ಲ್ಯಾಪ್ ಕೊಟ್ಟು ಬೈಂಡಿಂಗ್ ವೈರ್ ಸುತ್ತಿ ಮುಗಿಸುವುದನ್ನು ತಡೆಯಬೇಕಾದದ್ದು ಇಲ್ಲಿ.

ಕಾಂಕ್ರೀಟಿಗೆ ಸಾಮಾನ್ಯವಾಗಿ ರಿಬೌಂಡ್ ಹ್ಯಾಮರ್ ಪರೀಕ್ಷೆಯೊಂದನ್ನೇ ಮಾಡಿ ವರದಿ ಕೊಟ್ಟುಬಿಡುತ್ತಾರೆ. ಅದು ಮೇಲ್ಮೈಯ ಗಡಸುತನವನ್ನಷ್ಟೇ ಹೇಳುತ್ತದೆ. ಗಾಳಿಗೆ ಬಿದ್ದ ಹಳೆಯ ಕಾಂಕ್ರೀಟಿನ ಹೊರಪದರ ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ಆಗುವ ಕಾರ್ಬೊನೇಷನ್‌ನಿಂದ ಗಡಸಾಗಿರುವುದರಿಂದ ಅಂಕಿ ಇರುವುದಕ್ಕಿಂತ ಚೆನ್ನಾಗಿಯೇ ಬರುತ್ತದೆ. ಜೊತೆಗೆ ಅಲ್ಟ್ರಾಸಾನಿಕ್ ಪರೀಕ್ಷೆ ಬೇಕು, ಸಂಶಯ ಬಂದ ಕಡೆ ಕೋರ್ (ಪರೀಕ್ಷೆಗೆ ಕೊರೆದು ತೆಗೆಯುವ ಕಾಂಕ್ರೀಟಿನ ತುಂಡು) ತೆಗೆಯಬೇಕು. ಕಾಂಕ್ರೀಟಿನ ಭಾರತೀಯ ಮಾನಕವಾದ ಐಎಸ್ 456ರ ಪ್ರಕಾರ ಕನಿಷ್ಠ ಮೂರು ಕೋರ್. ಸರಾಸರಿ ಬಲ ನಿಗದಿಯ ಶೇ 85ಕ್ಕೆ ಕಡಿಮೆ ಇರಬಾರದು, ಯಾವ ಒಂದೂ ಶೇ 75ಕ್ಕಿಂತ ಕೆಳಗಿರಬಾರದು. ಎಂ25 ಕಾಂಕ್ರೀಟ್ (ಚದರ ಮಿ.ಮೀ.ಗೆ 25 ನ್ಯೂಟನ್ ಬಲದ್ದು) ಆದರೆ ಸರಾಸರಿ 21.25, ಕನಿಷ್ಠ 18.75. ಇನ್ನೊಂದು ಅಗ್ಗದ, ಬಹಳ ಉಪಯೋಗದ ಪರೀಕ್ಷೆ ಫಿನಾಫ್ತಲೀನ್‌ನದು. ಆಗಷ್ಟೇ ಒಡೆದ ಕಾಂಕ್ರೀಟಿನ ಮೇಲೆ ಸಿಂಪಡಿಸಿದರೆ ಆರೋಗ್ಯವಾಗಿರುವ ಭಾಗ ಗುಲಾಬಿಯಾಗುತ್ತದೆ, ಕೆಟ್ಟ ಭಾಗ ಬಣ್ಣ ತಾಳುವುದಿಲ್ಲ. ಹೊರಗಿನಿಂದ ಎಷ್ಟು ಮಿ.ಮೀ. ಬಣ್ಣವಿಲ್ಲ ಎಂದು ಸ್ಕೇಲಿನಲ್ಲಿ ಅಳೆಯಿರಿ. ಪಿಲ್ಲರಿನಲ್ಲಿ ಕಂಬಿಯ ಹೊದಿಕೆ 40 ಮಿ.ಮೀ., ಮೋಲ್ಡಿನಲ್ಲಿ ಬರೀ 20. ಬಣ್ಣವಿಲ್ಲದ ಭಾಗ ಕಂಬಿಯವರೆಗೆ ಹೋಗಿದ್ದರೆ ಕಾಂಕ್ರೀಟ್ ಕೊಡುತ್ತಿದ್ದ ರಕ್ಷಣೆ ಮುಗಿದಿದೆ ಎಂದರ್ಥ.

ಬೇಸ್‌ಮೆಂಟಿನ ನೀರು ಇವೆಲ್ಲಕ್ಕಿಂತ ಸೂಕ್ಷ್ಮದ ವಿಚಾರ, ಅದರಲ್ಲೂ ನಿಮ್ಮಂತೆ ಕೆರೆಯ ಆಸುಪಾಸಿನಲ್ಲಿ. ಪಂಪು ಹಚ್ಚಿ ಒಂದೇ ದಿನದಲ್ಲಿ ಖಾಲಿ ಮಾಡಲು ಬಿಡಬೇಡಿ. ಒಳಗಿನ ನೀರು ಹೊರಗಿನ ಅಂತರ್ಜಲದ ಒತ್ತಡಕ್ಕೆ ಎದುರು ನಿಂತಿರುತ್ತದೆ. ಒಂದು ಮೀಟರ್ ನೀರು ಎಂದರೆ ಚದರ ಮೀಟರಿಗೆ ಒಂದು ಟನ್ ಒತ್ತಡ. ತಳದಿಂದ ಮೂರು ಮೀಟರ್ ಎತ್ತರಕ್ಕೆ ಅಂತರ್ಜಲ ಇದ್ದರೆ ರಾಫ್ಟನ್ನು (ಕಟ್ಟಡದ ತಳದ ಕಾಂಕ್ರೀಟ್ ಹಾಸನ್ನು) ಮೇಲಕ್ಕೆ ತಳ್ಳುವುದು 3 ಟನ್. 600 ಮಿ.ಮೀ. ದಪ್ಪದ ರಾಫ್ಟಿನ ಸ್ವಂತ ತೂಕ 1.5 ಟನ್ ಮಾತ್ರ. ಉಳಿದ ತೂಕ ಮೇಲಿನ ಮಹಡಿಗಳಿಂದ ಬರಬೇಕು. ಮಹಡಿಗಳು ಎದ್ದಿಲ್ಲದ ಕಡೆ, ಮುಖ್ಯವಾಗಿ ಕಟ್ಟಡದ ಹೊರಗೆ ಚಾಚಿಕೊಂಡ ಪಾರ್ಕಿಂಗ್ ಭಾಗದಲ್ಲಿ, ನೀರು ತೆಗೆದ ಕೂಡಲೇ ನೆಲ ಉಬ್ಬಿ ಬಿರುಕು ಬಿಡುತ್ತದೆ. ಆದ್ದರಿಂದ ಸುತ್ತಲೂ ಬಾವಿ ತೋಡಿ ಮೊದಲು ಹೊರಗಿನ ನೀರಿನ ಮಟ್ಟ ಇಳಿಸಬೇಕು, ಆಮೇಲೆ ಒಳಗಿನದನ್ನು ಹಂತಹಂತವಾಗಿ, ನೆಲದ ಲೆವೆಲ್ ದಿನಾ ಅಳೆಯುತ್ತ ಖಾಲಿ ಮಾಡಬೇಕು.

ಇಷ್ಟಾದ ಮೇಲೆ ಪ್ರತಿ ಪಿಲ್ಲರಿಗೂ ನಂಬರ್ ಹಾಕಿ ಮೂರು ಗುಂಪು ಮಾಡಬೇಕು: ಹಾಗೇ ಬಿಡಬಹುದಾದವು, ಕೆತ್ತಿ ಸರಿಪಡಿಸಬೇಕಾದವು, ಸುತ್ತ ಹೊಸ ಕಾಂಕ್ರೀಟ್ ಕವಚ ಕಟ್ಟಬೇಕಾದವು. ಅರ್ಧಕ್ಕೆ ನಿಲ್ಲಿಸಿದ ಮೋಲ್ಡಿನ ಅಂಚನ್ನು ಜಲ್ಲಿ ಕಾಣುವವರೆಗೆ ಕೆತ್ತಿ, ತೊಳೆದು, ಬಾಂಡಿಂಗ್ ಲೇಪ ಕೊಟ್ಟೇ ಮುಂದಿನ ಕಾಂಕ್ರೀಟ್ ಹಾಕಬೇಕು. ಗೋಡೌನಿನಲ್ಲಿ ಉಳಿದ ಹಳೆಯ ಸಿಮೆಂಟ್ ಚೀಲಗಳನ್ನು ಬಳಸಲು ಬಿಡಲೇಬೇಡಿ. ಪರೀಕ್ಷೆಗೆ ಇಂಜಿನಿಯರನ್ನು ನೇಮಿಸುವವರು ನೀವಾಗಿರಬೇಕು, ಗುತ್ತಿಗೆದಾರರಲ್ಲ. ದುರಸ್ತಿಯ ಮೊದಲು, ನಂತರ, ಪ್ರತಿ ಪಿಲ್ಲರಿನ ಫೋಟೋ ನಂಬರ್ ಕಾಣುವಂತೆ ತೆಗೆಸಿ. ಪ್ಲಾಸ್ಟರ್ ಆದಮೇಲೆ ಏನೂ ಕಾಣುವುದಿಲ್ಲ, ಏನೂ ಕೇಳಲು ಆಗುವುದಿಲ್ಲ.

ಹೊಸಬರು ದುಡ್ಡು ಹೊಂದಿಸಲು "ಇನ್ನೆರಡು ಮಹಡಿ ಏರಿಸೋಣ" ಎಂದರೆ ಒಪ್ಪಬೇಡಿ. ತಳಪಾಯ ಅದಕ್ಕೆ ಲೆಕ್ಕ ಹಾಕಿದ್ದಲ್ಲ. ಕಾನೂನಿನಲ್ಲೂ ಮಂಜೂರಾದ ನಕ್ಷೆ ಬದಲಿಸಲು ಮೂರನೇ ಎರಡು ಭಾಗ ಖರೀದಿದಾರರ ಲಿಖಿತ ಒಪ್ಪಿಗೆ ಬೇಕು.

ಪ್ರಶ್ನೆ: ಪಕ್ಕದ ಹಳೇ ಮನೆ ಕೆಡವಿ, ಎರಡು ಬೇಸ್‌ಮೆಂಟಿಗೆ ಅಂತ ಇಪ್ಪತ್ತು ಅಡಿ ತೋಡಿ ಬಿಟ್ಟುಹೋಗಿದ್ದಾರೆ. ಗುಂಡಿಯಲ್ಲಿ ನೀರು ತುಂಬಿದೆ, ನಮ್ಮ ಕಾಂಪೌಂಡ್ ವಾಲಿದೆ, ಅಡುಗೆಮನೆ ಗೋಡೆಯಲ್ಲಿ ಬಿರುಕು. ನಮ್ಮದು ಅರವತ್ತು ವರ್ಷದ ಮನೆ. ಯಾರ ಬಳಿ ಹೋಗಲಿ?
— ಹಿರಿಯ ಓದುಗರು, ಮಲ್ಲೇಶ್ವರ

ಉತ್ತರ: ನಿಮ್ಮದು ಇಲ್ಲಿರುವ ಎಲ್ಲ ಪತ್ರಗಳಲ್ಲಿ ಅತಿ ತುರ್ತಿನದು. ನಮ್ಮ ಕೆಂಪುಮಣ್ಣು ಒಣಗಿದ್ದಾಗ ಗೋಡೆಯಂತೆ ನೇರ ನಿಲ್ಲುತ್ತದೆ. ಅದನ್ನು ನೋಡಿಯೇ ಆಸರೆ ಕೊಡದೆ ತೋಡುತ್ತಾರೆ. ನೆನೆದರೆ ಅದೇ ಮಣ್ಣು ಹಿಡಿತ ಕಳೆದುಕೊಂಡು ದೊಡ್ಡ ಹೆಂಟೆಗಳಾಗಿ ಜಾರುತ್ತದೆ.

ಇವತ್ತು ಮಾಡಬೇಕಾದದ್ದು: ಗುಂಡಿಯ ಅಂಚಿನಿಂದ ಅದರ ಆಳದಷ್ಟು ದೂರ, ಅಂದರೆ ಇಪ್ಪತ್ತು ಅಡಿಯೊಳಗೆ ಬರುವ ಕೋಣೆಗಳಲ್ಲಿ ಮಲಗುವುದನ್ನು ನಿಲ್ಲಿಸಿ. ಆ ಕಡೆಗಿರುವ ಸಂಪನ್ನೂ ಚಾವಣಿಯ ನೀರಿನ ಟ್ಯಾಂಕನ್ನೂ ಖಾಲಿ ಮಾಡಿ. ಸಂಪು ಸೋರಿದರೆ ಮಣ್ಣು ಇನ್ನಷ್ಟು ನೆನೆಯುತ್ತದೆ, ಸಾವಿರ ಲೀಟರ್ ಟ್ಯಾಂಕ್ ಎಂದರೆ ಒಂದು ಟನ್ ಭಾರ. ಮಳೆನೀರಿನ ಪೈಪು ಆ ಅಂಚಿಗೆ ಬಿಡುತ್ತಿದ್ದರೆ ರಸ್ತೆಯ ಕಡೆ ತಿರುಗಿಸಿ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ದಿನಾಂಕ ಬರೆಯಿರಿ, ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯನ್ನು ಎರಡು ಬದಿ ಗಟ್ಟಿಯಾಗಿ ಅಂಟಿಸಿ. ಗಾಜು ಒಡೆದರೆ ಗೋಡೆ ಇನ್ನೂ ಚಲಿಸುತ್ತಿದೆ ಎಂದು ಗೊತ್ತಾಗುತ್ತದೆ. ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾದರೆ, ಅಂಗಳದಲ್ಲಿ ಗುಂಡಿಗೆ ಸಮಾನಾಂತರವಾಗಿ ಬಿರುಕು ಕಂಡರೆ, ತಕ್ಷಣ ಮನೆ ಬಿಡಿ.

ಯಾರೋ ದಯೆ ತೋರಿ ಪಂಪು ತಂದು ನೀರು ಎತ್ತಲು ಹೊರಟರೆ ತಡೆಯಿರಿ. ನೀರು ವೇಗವಾಗಿ ಇಳಿದರೆ ನೆನೆದ ಮಣ್ಣಿಗಿದ್ದ ಆಸರೆಯೂ ಹೋಗಿ ಕುಸಿತ ಆಗಲೇ ಆಗುತ್ತದೆ. ಮೊದಲು ಅಂಚಿಗೆ ಮರಳು ಮೂಟೆಯೋ ಮಣ್ಣೋ ಇಳಿಜಾರಾಗಿ ತುಂಬಿ ಆಸರೆ ಕೊಡಬೇಕು, ಆಮೇಲೆ ದಿನಕ್ಕೆ ಅಡಿಯಂತೆ ನಿಧಾನಕ್ಕೆ ನೀರು ಇಳಿಸಬೇಕು.

ದೂರು ನಿಮ್ಮ ಪಾಲಿಕೆಯ ನಗರ ಯೋಜನಾ ವಿಭಾಗದ ಇಂಜಿನಿಯರಿಗೆ. 2025ರ ಸೆಪ್ಟೆಂಬರಿನಿಂದ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಾಗಿರುವುದರಿಂದ ನಿಮ್ಮ ವಾರ್ಡ್ ಯಾವುದಕ್ಕೆ ಸೇರಿದೆ ಎಂದು ಮೊದಲು ನೋಡಿಕೊಳ್ಳಿ. ಮನವಿಯಲ್ಲಿ "ಜೀವಕ್ಕೆ ಅಪಾಯ" ಎಂದೇ ಬರೆಯಿರಿ, ಫೋಟೋ ಲಗತ್ತಿಸಿ, ಪ್ರತಿಯನ್ನು ಪೊಲೀಸ್ ಠಾಣೆಗೂ ಕೊಟ್ಟು ಎರಡೂ ಕಡೆ ಸ್ವೀಕೃತಿ ಪಡೆಯಿರಿ. ಒಬ್ಬ ಸ್ಟ್ರಕ್ಚರಲ್ ಇಂಜಿನಿಯರ್ ಬಂದು ಎರಡು ಪುಟದ ವರದಿ ಕೊಟ್ಟರೆ, ಸಿವಿಲ್ ಕೋರ್ಟಿನಲ್ಲಿ ರಕ್ಷಣಾ ಗೋಡೆ ಕಟ್ಟಿಸಲು ಮಧ್ಯಂತರ ಆದೇಶ ಕೇಳುವುದು ಸುಲಭವಾಗುತ್ತದೆ.

ಪ್ರಶ್ನೆ: ನಮ್ಮ 60x90 ಸೈಟನ್ನು ಜಂಟಿ ಅಭಿವೃದ್ಧಿಗೆ ಕೊಟ್ಟೆವು. 14 ಫ್ಲ್ಯಾಟ್, ನಮಗೆ 7. ನಾಲ್ಕು ವರ್ಷವಾಯಿತು, ಎರಡು ಮೋಲ್ಡ್ ಆಗಿ ನಿಂತಿದೆ. "ಚಿಕ್ಕ ಸೈಟು, ರೇರಾ ಬೇಡ" ಎಂದಿದ್ದರು. ಬಿಲ್ಡರಿಗೆ ಕೊಟ್ಟ ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ರದ್ದು ಮಾಡಿ ಬೇರೆಯವರಿಗೆ ಕೊಡಬಹುದೇ?
— ಓದುಗರು, ರಾಜಾಜಿನಗರ

ಉತ್ತರ: ಮೊದಲು ರೇರಾ ವಿಷಯ. 500 ಚದರ ಮೀಟರ್ ಮೀರದ ಜಾಗಕ್ಕೆ ಅಥವಾ 8 ಮೀರದ ಫ್ಲ್ಯಾಟುಗಳಿಗೆ ನೋಂದಣಿಯಿಂದ ವಿನಾಯಿತಿ ಇದೆ. ನಿಮ್ಮ ಸೈಟು 5,400 ಚದರಡಿ, ಅಂದರೆ 501.7 ಚದರ ಮೀಟರ್. ಫ್ಲ್ಯಾಟು 14. ಎರಡು ಅಳತೆಯಲ್ಲೂ ನೋಂದಣಿ ಬೇಕೇಬೇಕಿತ್ತು. ನಿಮ್ಮ ಪಾಲಿನ ಫ್ಲ್ಯಾಟುಗಳಲ್ಲಿ ಒಂದನ್ನಾದರೂ ನೀವು ಮಾರಿದ್ದರೆ ಆ ಖರೀದಿದಾರರ ಮಟ್ಟಿಗೆ ನೀವೂ ಪ್ರವರ್ತಕರೇ (ಕಾನೂನಿನ ಕಣ್ಣಲ್ಲಿ ಬಿಲ್ಡರಿನಂತೆಯೇ), ಹೊಣೆಯೂ ಜಂಟಿ.

ಜಿಪಿಎಯನ್ನು ನೀವೊಬ್ಬರೇ ಹೋಗಿ ರದ್ದು ಮಾಡಿದರೆ ಅದು ನಿಲ್ಲುವುದು ಕಷ್ಟ. ಬಿಲ್ಡರಿಗೆ ಆಸ್ತಿಯಲ್ಲಿ ಹಿತಾಸಕ್ತಿ ಇರುವಾಗ ಕೊಟ್ಟ ಅಧಿಕಾರವನ್ನು ಹಾಗೆ ಹಿಂಪಡೆಯಲಾಗದು ಎಂದು ಕರಾರು ಕಾಯ್ದೆಯ 202ನೇ ಕಲಂ ಹೇಳುತ್ತದೆ. ಸರಿಯಾದ ಕ್ರಮವೆಂದರೆ ಇದು. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಇವತ್ತಿನವರೆಗಿನ ಋಣಭಾರ ಪತ್ರ (ಇಸಿ) ತೆಗೆಸಿ, ಬಿಲ್ಡರ್ ತಮ್ಮ 7 ಫ್ಲ್ಯಾಟುಗಳಲ್ಲಿ ಎಷ್ಟಕ್ಕೆ ಕರಾರು ಮಾಡಿದ್ದಾರೆ, ಯಾವುದನ್ನು ಅಡವಿಟ್ಟಿದ್ದಾರೆ ನೋಡಿ. ನೋಂದಣಿಯಾಗದ ಕರಾರುಗಳು ಅದರಲ್ಲಿ ಕಾಣುವುದಿಲ್ಲ. ಆದ್ದರಿಂದ "ಈ ಸ್ವತ್ತಿನಲ್ಲಿ ಫ್ಲ್ಯಾಟ್ ಬುಕ್ ಮಾಡಿದವರು ಸಂಪರ್ಕಿಸಿ" ಎಂದು ಎರಡು ಪತ್ರಿಕೆಗಳಲ್ಲಿ ಪ್ರಕಟಣೆ ಕೊಡಿ. ಆಮೇಲೆ ವಕೀಲರ ಮೂಲಕ ಕರಾರು ಉಲ್ಲಂಘನೆಯ ನೋಟಿಸ್. ಕರಾರಿನಲ್ಲಿ ಮಧ್ಯಸ್ಥಿಕೆಯ ಕಲಂ ಇದ್ದರೆ, ಬಿಲ್ಡರ್ ಇನ್ನು ಯಾರಿಗೂ ಮಾರದಂತೆ ಮಧ್ಯಸ್ಥಿಕೆ ಕಾಯ್ದೆಯ 9ನೇ ಕಲಮಿನಡಿ ಕೋರ್ಟಿನಿಂದ ತಡೆ ತರಬಹುದು.

ವರ್ಷಗಟ್ಟಲೆ ಕೋರ್ಟ್ ಅಲೆಯುವುದಕ್ಕಿಂತ ಒಪ್ಪಂದದಿಂದ ಬಿಡಿಸಿಕೊಳ್ಳುವುದೇ ನಮ್ಮ ಸಲಹೆ. ಆಗಿರುವ ಕೆಲಸವನ್ನು ಸ್ವತಂತ್ರ ಮೌಲ್ಯಮಾಪಕರಿಂದ ಅಳತೆ ಮಾಡಿಸಿ ಬೆಲೆ ಕಟ್ಟಿಸಿ. ಅದರಲ್ಲಿ ತುಕ್ಕು ಹಿಡಿದ ಭಾಗದ ದುರಸ್ತಿಯನ್ನು ಕಳೆಯಿರಿ, ನೀವು ಪಡೆದ ಠೇವಣಿಯನ್ನು ಲೆಕ್ಕಕ್ಕೆ ಸೇರಿಸಿ. ಹೊಸ ಬಿಲ್ಡರಿನಿಂದ ಆ ಮೊತ್ತ ಕೊಡಿಸಿ, ಹಳೆಯವರ ಸಹಿಯೊಂದಿಗೆ ಕರಾರು ಮತ್ತು ಜಿಪಿಎ ಎರಡರ ರದ್ದತಿ ಪತ್ರವನ್ನೂ ಒಂದೇ ದಿನ ನೋಂದಾಯಿಸಿ. ಫ್ಲ್ಯಾಟ್ ಬುಕ್ ಮಾಡಿದವರ ಹಣದ ಹೊಣೆ ಯಾರದೆಂದು ಹೆಸರು, ಮೊತ್ತ ಸಮೇತ ಆ ಪತ್ರದಲ್ಲೇ ಬರೆಸಬೇಕು. ಅದು ಬಿಟ್ಟುಹೋದರೆ ಅವರು ನಾಳೆ ನಿಮ್ಮ ಬಾಗಿಲಿಗೇ ಬರುತ್ತಾರೆ, ಮತ್ತು ಅವರು ಬರುವುದು ನ್ಯಾಯವೇ.

ಪ್ರಶ್ನೆ: ಖರೀದಿದಾರರೇ ಸೇರಿ ಕಟ್ಟಡ ಮುಗಿಸಬಹುದು ಎನ್ನುತ್ತಾರೆ. ಇನ್ನು ಕೆಲವರು ದಿವಾಳಿ ಪ್ರಕರಣ ನೋಡುವ ಕಂಪನಿ ನ್ಯಾಯಮಂಡಳಿಯಾದ ಎನ್‌ಸಿಎಲ್‌ಟಿಗೆ ಹೋಗೋಣ ಅನ್ನುತ್ತಾರೆ. ಯಾವುದು ಸರಿ?
— ಓದುಗರು, ಥಣಿಸಂದ್ರ

ಉತ್ತರ: ಮುಗಿಸಬಹುದು. ಯೋಜನೆಯ ನೋಂದಣಿ ಮುಗಿದುಹೋದರೆ ಅಥವಾ ರದ್ದಾದರೆ, ಉಳಿದ ಕೆಲಸ ಮಾಡುವ ಮೊದಲ ಹಕ್ಕು ಖರೀದಿದಾರರ ಸಂಘಕ್ಕೆ ಎಂದು ರೇರಾ ಕಾಯ್ದೆಯ 8ನೇ ಕಲಂ ಹೇಳುತ್ತದೆ. ಅದಕ್ಕೆ ನೋಂದಾಯಿತ ಸಂಘ ಬೇಕು, ವಾಟ್ಸ್‌ಆ್ಯಪ್ ಗುಂಪು ಸಾಲದು. 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಘೋಷಣಾ ಪತ್ರ ಕಟ್ಟಡ ಮುಗಿದ ಮೇಲಿನ ಮಾತಾದ್ದರಿಂದ, ಈ ಹಂತದಲ್ಲಿ ಏಳು ಜನ ಸೇರಿ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಮಾಡಿಕೊಳ್ಳುವುದು ರೂಢಿ.

ಸೋಲುವುದು ಎಲ್ಲಿ ಎಂದರೆ ದುಡ್ಡು ಕೂಡಿಸುವುದರಲ್ಲಿ. ಕೆಲವರು ಕೊಡುವುದೇ ಇಲ್ಲ, ಅವರ ಪಾಲು ಉಳಿದವರ ಮೇಲೆ ಬೀಳುತ್ತದೆ. ಆದ್ದರಿಂದ ಕೊಡದವರ ಫ್ಲ್ಯಾಟಿನ ಕೀಲಿ ಬಾಕಿ ಮತ್ತು ಬಡ್ಡಿ ತೀರುವವರೆಗೆ ಸಂಘದಲ್ಲೇ ಇರಬೇಕೆಂದು ಮೊದಲೇ ನಿರ್ಣಯ ಮಾಡಿ, ಅದನ್ನು ಪ್ರಾಧಿಕಾರದ ಆದೇಶದಲ್ಲಿ ಸೇರಿಸಲು ಕೇಳಿ. ಮಾರದ ಫ್ಲ್ಯಾಟುಗಳನ್ನು ಮಾರುವ ಹಕ್ಕು ಸಂಘಕ್ಕೆ ಸಿಗದಿದ್ದರೆ ಕೈಹಾಕಬೇಡಿ. ಗುತ್ತಿಗೆಯಲ್ಲಿ ದುರಸ್ತಿಗೆ ಅಳತೆ ಪ್ರಕಾರ ದರ ಇರಲಿ, ಏಕೆಂದರೆ ಒಳಗೆ ಎಷ್ಟು ಕೆಟ್ಟಿದೆ ಎಂದು ಕೆತ್ತುವ ಮೊದಲು ಯಾರಿಗೂ ಗೊತ್ತಿರುವುದಿಲ್ಲ. ಟೈಲ್ಸ್, ಬಣ್ಣ, ಬಾಗಿಲಿಗೆ ಒಟ್ಟು ಮೊತ್ತದ ಗುತ್ತಿಗೆ ಸಾಕು. ಅಂದಾಜಿನಲ್ಲಿ ಎಲ್ಲರೂ ಮರೆಯುವುದು ಕೊನೆಯ ಖರ್ಚುಗಳನ್ನು: ಬೆಸ್ಕಾಂ ಠೇವಣಿ ಮತ್ತು ಟ್ರಾನ್ಸ್‌ಫಾರ್ಮರ್, ಜಲಮಂಡಳಿಯ ಶುಲ್ಕ, ಲಿಫ್ಟು, ಕೊಳಚೆ ನೀರು ಶುದ್ಧೀಕರಣ ಘಟಕ, ಅಗ್ನಿಶಾಮಕ ಕೊಳವೆ.

ದಿವಾಳಿ ಸಂಹಿತೆಯಡಿ ಎನ್‌ಸಿಎಲ್‌ಟಿಗೆ ಹೋಗಲು ಅದೇ ಯೋಜನೆಯ 100 ಖರೀದಿದಾರರು ಅಥವಾ ಒಟ್ಟು ಸಂಖ್ಯೆಯ ಶೇ 10, ಯಾವುದು ಕಡಿಮೆಯೋ ಅಷ್ಟು ಜನ ಬೇಕು. ಅಲ್ಲಿ ಅರ್ಜಿ ಅಂಗೀಕಾರವಾದ ದಿನದಿಂದ ರೇರಾ ವಸೂಲಾತಿ ಸೇರಿದಂತೆ ಕಂಪನಿಯ ಮೇಲಿನ ಎಲ್ಲ ಕ್ರಮಗಳೂ ನಿಲ್ಲುತ್ತವೆ. ಇದನ್ನು ಕೊನೆಯ ಅಸ್ತ್ರವಾಗಿ ಇಟ್ಟುಕೊಳ್ಳಿ. ಬೇರೆ ಯಾರಾದರೂ ಕಂಪನಿಯನ್ನು ಅಲ್ಲಿಗೆ ಎಳೆದಿದ್ದರೆ ಮಾತ್ರ ಸುಮ್ಮನಿರಬೇಡಿ: ಪತ್ರಿಕಾ ಪ್ರಕಟಣೆಯಲ್ಲಿರುವ ದಿನಾಂಕದೊಳಗೆ ಪ್ರತಿಯೊಬ್ಬರೂ ಫಾರಂ ಸಿಎ ತುಂಬಿ ಹಕ್ಕು ಮಂಡಿಸಬೇಕು.

ಪ್ರಶ್ನೆ: ಓಸಿ (ಸ್ವಾಧೀನಾನುಭವ ಪತ್ರ) ಇಲ್ಲ, ಆದರೂ ಗೃಹಪ್ರವೇಶ ಮಾಡಿಬಿಡಿ ಎಂದು ಬಿಲ್ಡರ್ ಹೇಳುತ್ತಿದ್ದಾರೆ. ಹೋಗಬಹುದೇ?
— ಓದುಗರು, ಯಲಹಂಕ

ಉತ್ತರ: ಬೇಡ. ಸ್ವಾಧೀನಾನುಭವ ಪತ್ರ ಇಲ್ಲದ ಕಟ್ಟಡಕ್ಕೆ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬಾರದು ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರಂದು ಆದೇಶಿಸಿದೆ. ಕಟ್ಟಡದ ಕೆಲಸಕ್ಕೆ ಪಡೆದ ತಾತ್ಕಾಲಿಕ ಸಂಪರ್ಕದಲ್ಲೋ ಜನರೇಟರಿನಲ್ಲೋ ಟ್ಯಾಂಕರಿನಲ್ಲೋ ಬದುಕಬೇಕಾಗುತ್ತದೆ, ಅದರ ಖರ್ಚು ನಿಮ್ಮದೇ. ಅದಕ್ಕಿಂತ ಹೆಚ್ಚಾಗಿ, ನೀವು ಒಳಗೆ ಹೋದ ದಿನಕ್ಕೆ ಸ್ವಾಧೀನ ಕೊಟ್ಟಾಯಿತು ಎಂದು ಬಿಲ್ಡರ್ ವಿಳಂಬದ ಬಡ್ಡಿಯ ಲೆಕ್ಕ ನಿಲ್ಲಿಸುತ್ತಾರೆ. ಅನಿವಾರ್ಯವಾಗಿ ಹೋಗಲೇಬೇಕಾದರೆ "ಫಿಟ್‌ಔಟ್ ಕೆಲಸಕ್ಕಾಗಿ ಮಾತ್ರ, ಇದು ಸ್ವಾಧೀನವಲ್ಲ" ಎಂದು ಬರೆದು ಸಹಿ ಮಾಡಿ, ಬಿಲ್ಡರಿನ ಸಹಿಯನ್ನೂ ಪಡೆಯಿರಿ.

ಪ್ರಶ್ನೆ: ನಿಂತುಹೋದ ಯೋಜನೆಯಲ್ಲಿ ಒಬ್ಬರು ತಮ್ಮ ಫ್ಲ್ಯಾಟನ್ನು ಅರ್ಧ ಬೆಲೆಗೆ ಕೊಡುತ್ತೇನೆ ಎನ್ನುತ್ತಿದ್ದಾರೆ. ತೆಗೆದುಕೊಳ್ಳಬಹುದೇ?
— ಓದುಗರು, ಮೈಸೂರು

ಉತ್ತರ: ಮೊದಲ ಉತ್ತರದಲ್ಲಿರುವ ಲೆಕ್ಕವನ್ನು ಆ ಯೋಜನೆಗೆ ಹಾಕಿ ನೋಡಿ. ಅದು ಕೂಡಿಬಂದರೂ, ಬಿಲ್ಡರಿನ ಲಿಖಿತ ಒಪ್ಪಿಗೆ, ಮಾರುವವರ ಬ್ಯಾಂಕಿನಿಂದ ಸಾಲದ ಬಾಕಿ ಪತ್ರ, ಮತ್ತು ಅವರು ಈಗಾಗಲೇ ರೇರಾದಲ್ಲಿ ಹಣ ವಾಪಸಾತಿಯ ಆದೇಶ ಪಡೆದಿಲ್ಲ ಎಂಬ ಪ್ರಮಾಣಪತ್ರ, ಈ ಮೂರೂ ಕೈಗೆ ಬರುವವರೆಗೆ ಒಂದು ರೂಪಾಯಿ ಮುಂಗಡವನ್ನೂ ಕೊಡಬೇಡಿ. ಆದೇಶ ಪಡೆದು ಫ್ಲ್ಯಾಟಿನ ಹಕ್ಕು ಬಿಟ್ಟುಕೊಟ್ಟವರ ಬಳಿ ನಿಮಗೆ ಮಾರಲು ಏನೂ ಉಳಿದಿರುವುದಿಲ್ಲ.